ದಂತಚಿಕಿತ್ಸೆಯೂ ವೇದನಾಹರಣವೂ

ಹಲ್ಲಿನ ವೈದ್ಯರ ಬಳಿಗೆ ಹೋಗಲು ಹಿಂದೆಗೆಯುವವರನ್ನು ಏತಕ್ಕಾಗಿ ಅಂಜುವಿರೆಂದು ಕೇಳಿ ನೋಡಬೇಕು. ಹಲ್ಲನ್ನು ಕೀಳುವ ಇಕ್ಕಳಕ್ಕೆ ಅಂಜುವೆವೆನ್ನುವವರು ಈಗ ಕೆಲವರು. ಕೀಳುವುದಕ್ಕೆ ಮೊದಲು ಒಸಡಿಗೆ ಚುಚ್ಚುವ ಸೂಜಿಗೆ ಅಂಜುವೆವೆನ್ನುವವರು ಬಹಳ. ಆ ಸೂಜಿಯು ಬಂದದ್ದಾದರೋ ನೋವನ್ನು ಕಳೆಯುವುದಕ್ಕಾಗಿಯೇ. ಕಾವಲಿಗೆ ಬಂದವನೇ ಮನೆಯವರಿಗೆ ಭಯವನ್ನು ಹುಟ್ಟಿಸಿದಂತಾದ ಈ ಸ್ಥಿತಿಯು ಹೇಗೆ ಒದಗಿತು, ಇದನ್ನು ನೀಗಲು ವೈದ್ಯರು ಏನೇನು ಪ್ರಯತ್ನಗಳನ್ನು ಮಾಡಿರುವರು ಎಂಬುದನ್ನು ತಿಳಿಯಬೇಕಾದರೆ ಎರಡು ಶತಮಾನಗಳಷ್ಟು ಹಿಂದಕ್ಕೆ ಹೋಗಬೇಕಾಗುವುದು. ಈ ಚರಿತ್ರೆಯಲ್ಲಿ ಔಷಧಗಳ ಕಥೆಯು ಒಂದು ಭಾಗ. ಪೀಠದ ಮೇಲೆ ಕುಳಿತ ರೋಗಿಯ ಕೂಗನ್ನು ಸುತ್ತಲಿನವರು ಹೇಗೆ ಕೇಳಿಸಿಕೊಂಡರೆಂಬುದು ಇನ್ನೊಂದು ಭಾಗ. ಮೊದಲನೆಯದಕ್ಕೆ ದೊರೆತಷ್ಟು ಲಕ್ಷ್ಯವು ಎರಡನೆಯದಕ್ಕೆ ದೊರೆತಂತೆ ತೋರುವುದಿಲ್ಲ.

ನಮ್ಮ ಪ್ರಾಚೀನರು ಈ ವಿಷಯವನ್ನು ಅರಿಯದವರಲ್ಲ. ಸುಶ್ರುತಸಂಹಿತೆಯಲ್ಲಿ ಎಣಿಸಿರುವ ಇಪ್ಪತ್ತು ಶಸ್ತ್ರಗಳಲ್ಲಿ ದಂತಶಂಕುವೆಂಬುದು ಹಲ್ಲಿನ ಕಿಟ್ಟವನ್ನು ಕೆರೆದು ತೆಗೆಯುವುದಕ್ಕೆಂದೇ ಇರುವುದು. ಶಸ್ತ್ರಕರ್ಮಕ್ಕೆ ಮುಂಚೆ ರೋಗಿಗೆ ಇಷ್ಟವಾದ ಆಹಾರವನ್ನು ಕೊಡಬೇಕೆಂದೂ, ನೋವನ್ನು ತಾಳಲಾರದವನು ಮದ್ಯಪಾನದ ಅಭ್ಯಾಸವುಳ್ಳವನಾದರೆ ತೀಕ್ಷ್ಣವಾದ ಮದ್ಯವನ್ನು ಕುಡಿಸಬೇಕೆಂದೂ ಅದರ ಸೂತ್ರಸ್ಥಾನದಲ್ಲಿ ವಿಧಿಸಿದೆ. ಆದರೆ ಮುಖರೋಗವೇ ಮೊದಲಾದ ಕೆಲವು ರೋಗಗಳಲ್ಲಿ ಉಂಡವನಿಗೆ ಶಸ್ತ್ರಕರ್ಮವನ್ನು ಮಾಡಕೂಡದೆಂದು ಅದೇ ಗ್ರಂಥವು ಹೇಳುವುದರಿಂದ, ಹಲ್ಲಿನ ರೋಗಿಗೆ ಅನ್ನದ ಆಸರೆಯೂ ತಪ್ಪಿತು. ಇನ್ನು ಮನೆಮದ್ದು. ಹುಳುಕು ಹಲ್ಲಿನ ಮೇಲೆ ಲವಂಗವನ್ನಿಟ್ಟು ಕಚ್ಚಿ ಹಿಡಿಯುವ ಪದ್ಧತಿಯು ಇಂದಿಗೂ ಮನೆಮನೆಯಲ್ಲಿ ಉಳಿದಿದೆ. ಲವಂಗದ ಎಣ್ಣೆಯಲ್ಲಿರುವ ಯೂಜಿನಾಲ್ ಎಂಬ ದ್ರವ್ಯಕ್ಕೆ ನರಗಳನ್ನು ಮಂದಗೊಳಿಸುವ ಗುಣವಿರುವುದು ನಿಜವೇ. ಆದರೆ ಹಲ್ಲನ್ನು ಬುಡಸಹಿತ ಕೀಳುವಾಗಿನ ವೇದನೆಯ ಮುಂದೆ ಲವಂಗವು ಏನು ತಾನೇ ಮಾಡೀತು? ಯೂರೋಪಿನ ಸಂತೆಗಳಲ್ಲಿ ಮಂಟಪ ಹಾಕಿ ಹಲ್ಲು ಕೀಳುತ್ತಿದ್ದವರು ಜೊತೆಯಲ್ಲಿ ವಾದ್ಯದವರನ್ನೂ ಇಟ್ಟುಕೊಳ್ಳುತ್ತಿದ್ದರು. ರೋಗಿಯು ಕೂಗುವುದನ್ನು ತಪ್ಪಿಸಲಾರದೆ, ಆ ಕೂಗು ಮುಂದಿನ ಗಿರಾಕಿಗೆ ಕೇಳಿಸದಂತೆ ಮಾಡುವುದೇ ಅವರಿಗೆ ಸಾಧ್ಯವಾಗಿದ್ದ ಉಪಾಯ.

ನೋವನ್ನೇ ಕಳೆಯಬಹುದೆಂಬ ಸೂಚನೆಯು ಮೊದಲು ಬಂದದ್ದು ರಸಾಯನಶಾಸ್ತ್ರದ ಕಡೆಯಿಂದ. ನೈಟ್ರಸ್ ಆಕ್ಸೈಡ್ ಎಂಬ ಅನಿಲವನ್ನು ೧೭೭೨ರಲ್ಲಿ ಜೋಸೆಫ್ ಪ್ರೀಸ್ಟ್ಲಿಯು ತಯಾರಿಸಿದನು. ಹಂಫ್ರಿ ಡೇವಿ ಎಂಬ ತರುಣನು ಅದನ್ನು ತಾನೇ ಮೇಲಿಂದ ಮೇಲೆ ಸೇದಿ ಪರೀಕ್ಷಿಸಿ, ೧೮೦೦ರಲ್ಲಿ ಒಂದು ದೊಡ್ಡ ಗ್ರಂಥವನ್ನು ಪ್ರಕಟಿಸಿದನು. ಬುದ್ಧಿಹಲ್ಲು ಮೊಳೆಯುವಾಗ ಅವನ ಒಸಡು ಬಾತು ಬಹಳ ನೋಯುತ್ತಿತ್ತು. ಅನಿಲವನ್ನು ನಾಲ್ಕೈದು ಸಲ ಉಸಿರಿನೊಡನೆ ಎಳೆದುಕೊಂಡ ಕೂಡಲೆ ನೋವು ತಗ್ಗಿತೆಂದೂ, ಅಮಲಿಳಿದ ಮೇಲೆ ಮರಳಿತೆಂದೂ ಅವನು ಬರೆದನು. ಹೆಚ್ಚು ರಕ್ತ ಹರಿಯದ ಶಸ್ತ್ರಚಿಕಿತ್ಸೆಗಳಲ್ಲಿ ಇದನ್ನು ಉಪಯೋಗಿಸಬಹುದೆಂಬ ಮಾತನ್ನೂ ಸೇರಿಸಿದನು. ಹಲ್ಲು ಕೀಳುವ ಕೆಲಸವು ಅಂಥ ಚಿಕಿತ್ಸೆಗಳಲ್ಲಿ ಒಂದೆಂಬುದು ಯಾರಿಗೂ ಹೊಳೆಯಲಿಲ್ಲ. ನಾಲ್ವತ್ತನಾಲ್ಕು ವರ್ಷಗಳ ಕಾಲ ಆ ವಾಕ್ಯವು ಗ್ರಂಥದಲ್ಲಿಯೇ ಮಲಗಿತು. ಅಷ್ಟರಲ್ಲಿ ಅನಿಲವು ಮಾತ್ರ ಜಾತ್ರೆಯ ವಿನೋದವಾಗಿ, ನಗೆಯನಿಲವೆಂಬ ಹೆಸರು ಪಡೆದು ಊರೂರು ತಿರುಗಿತು.

ಅಮೇರಿಕದ ಕನೆಕ್ಟಿಕಟ್ ಸಂಸ್ಥಾನದ ಹಾರ್ಟ್‌ಫರ್ಡ್ ಪಟ್ಟಣದಲ್ಲಿ ಹೊರೇಸ್ ವೆಲ್ಸ್ ಎಂಬ ದಂತವೈದ್ಯನಿದ್ದನು. ೧೮೪೪ನೆಯ ಇಸವಿ ಡಿಸೆಂಬರ್ ತಿಂಗಳ ೧೦ನೆಯ ತಾರೀಖಿನಂದು ಗಾರ್ಡನರ್ ಕೋಲ್ಟನ್ ಎಂಬವನು ಆ ಊರಿನಲ್ಲಿ ನಗೆಯನಿಲದ ಪ್ರದರ್ಶನವನ್ನು ಏರ್ಪಡಿಸಿದನು. ವೆಲ್ಸನೂ ನೋಡಲು ಹೋಗಿದ್ದನು. ಅನಿಲವನ್ನು ಸೇದಿ ಕುಣಿದಾಡಿದವರಲ್ಲಿ ಕೂಲಿ ಎಂಬ ತರುಣನೊಬ್ಬನು ಬೆಂಚಿಗೆ ತಗುಲಿ ಕಾಲನ್ನು ಗಾಯಪಡಿಸಿಕೊಂಡನು. ರಕ್ತ ಸುರಿಯುತ್ತಿದ್ದರೂ ತನಗೆ ಪೆಟ್ಟಾದುದೇ ಅವನಿಗೆ ತಿಳಿದಿರಲಿಲ್ಲ. ಸಭೆಯಲ್ಲಿದ್ದವರೆಲ್ಲರೂ ಇದನ್ನು ಕಂಡು ನಕ್ಕರು. ವೆಲ್ಸನು ಯೋಚನೆಗೆ ಬಿದ್ದನು. ಮರುದಿನವೇ ಕೋಲ್ಟನನಿಂದ ಅನಿಲವನ್ನು ಕೊಡಿಸಿಕೊಂಡು, ಜಾನ್ ರಿಗ್ಸ್ ಎಂಬ ಇನ್ನೊಬ್ಬ ದಂತವೈದ್ಯನಿಂದ ತನ್ನ ದವಡೆಹಲ್ಲನ್ನೇ ಕೀಳಿಸಿಕೊಂಡನು. ಎಚ್ಚರವಾದಾಗ ನೋವು ಆಗಲಿಲ್ಲವೆಂದು ಹೇಳಿದನು. ಡೇವಿಯ ವಾಕ್ಯಕ್ಕೆ ಆ ದಿನ ಭಾಷ್ಯವು ದೊರೆಯಿತೆನ್ನಬಹುದು.

ಮುಂದಿನ ತಿಂಗಳಿನಲ್ಲಿ, ಎಂದರೆ ೧೮೪೫ರ ಜನವರಿಯಲ್ಲಿ, ವೆಲ್ಸನು ಬಾಸ್ಟನ್ ನಗರಕ್ಕೆ ಹೋಗಿ ಅಲ್ಲಿನ ಪ್ರಸಿದ್ಧ ಶಸ್ತ್ರವೈದ್ಯ ಜಾನ್ ಕಾಲಿನ್ಸ್ ವಾರನ್ನನ ವಿದ್ಯಾರ್ಥಿಗಳ ಮುಂದೆ ತನ್ನ ವಿಧಾನವನ್ನು ತೋರಿಸಲು ಅಪ್ಪಣೆ ಪಡೆದನು. ಹಲ್ಲು ಕೀಳಿಸಿಕೊಳ್ಳಲು ಒಬ್ಬನು ಮುಂದೆ ಬಂದನು. ಅನಿಲದ ಚೀಲವನ್ನು ಇರಬೇಕಾದಷ್ಟು ಹೊತ್ತು ಇಡದೆ ಬೇಗನೆ ತೆಗೆದುಬಿಟ್ಟರೆಂದು ವೆಲ್ಸನೇ ಅನಂತರ ಬರೆದಿರುವನು. ಇಕ್ಕಳವು ಹಲ್ಲನ್ನು ಹಿಡಿದು ಎಳೆಯುವಾಗ ರೋಗಿಯು ಕೂಗಿಕೊಂಡನು. ಅಷ್ಟೇ ಸಾಕಾಯಿತು. ವಿದ್ಯಾರ್ಥಿಗಳು ಇದೆಲ್ಲ ಬರಿಯ ಬೂಟಾಟಿಕೆಯೆಂದು ಕೂಗಿ ಹಾಸ್ಯಮಾಡಿದರು. ವೆಲ್ಸನು ತಲೆ ತಗ್ಗಿಸಿಕೊಂಡು ಹಿಂದಿರುಗಬೇಕಾಯಿತು. ಆದರೆ ಕೂಗಿದ ರೋಗಿಯು ಏನು ಹೇಳಿದನು? ಸ್ವಲ್ಪ ನೋವಾಯಿತು, ಸಾಮಾನ್ಯವಾಗಿ ಹಲ್ಲು ಕೀಳುವಾಗ ಆಗುವಷ್ಟು ಆಗಲಿಲ್ಲವೆಂದು ಅವನು ಸಾಕ್ಷ್ಯ ನುಡಿದನು. ಆ ಮಾತನ್ನು ಸಭೆಯು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಕೂಗು ಎಲ್ಲರಿಗೂ ಕೇಳಿಸಿತು. ಕೂಗಿದವನ ಮಾತು ಯಾರಿಗೂ ಬೇಡವಾಯಿತು. ನೋವು ಪೂರ್ತಿಯಾಗಿ ಹೋಗದಿದ್ದರೆ ವಿಧಾನವೇ ಸುಳ್ಳೆಂದು ಅವರು ತೀರ್ಮಾನಿಸಿದರು. ನೋವು ಎಷ್ಟು ತಗ್ಗಿತು, ಏಕೆ ಅಷ್ಟೇ ತಗ್ಗಿತು ಎಂಬ ಪ್ರಶ್ನೆಯನ್ನು ಆ ವಿದ್ಯಾಶಾಲೆಯಲ್ಲಿ ಅಂದು ಯಾರೂ ಕೇಳಲಿಲ್ಲವೆಂಬುದು ಶೋಚನೀಯ.

ವೆಲ್ಸನಿಗೆ ಹಿಂದೆ ಶಿಷ್ಯನೂ ಪಾಲುಗಾರನೂ ಆಗಿದ್ದ ವಿಲಿಯಂ ಮಾರ್ಟನ್ ಎಂಬವನು ಅನಿಲವನ್ನು ಬಿಟ್ಟು ಈಥರ್ ದ್ರವವನ್ನು ಹಿಡಿದನು. ೧೮೪೬ರ ಸೆಪ್ಟೆಂಬರ್ ೩೦ರಂದು ಈಥರಿನ ಆವಿಯನ್ನು ಸೇದಿಸಿ ಒಬ್ಬನ ಹಲ್ಲನ್ನು ನೋವಿಲ್ಲದೆ ಕಿತ್ತನು. ಅಕ್ಟೋಬರ್ ೧೬ರಂದು ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಸಾರ್ವಜನಿಕ ಆಸ್ಪತ್ರೆಯಲ್ಲಿ ಅವನು ಈಥರ್ ಕೊಟ್ಟ ರೋಗಿಯ ಕತ್ತಿನ ಗಂಟನ್ನು ಅದೇ ವಾರನ್ನನು ಕೊಯ್ದು ತೆಗೆದನು. ರೋಗಿಯು ಕೂಗಲಿಲ್ಲ. ಆ ವಾರ್ತೆಯು ಕೆಲವೇ ತಿಂಗಳುಗಳಲ್ಲಿ ಭೂಮಂಡಲವನ್ನು ಸುತ್ತಿತು. ಜಾರ್ಜಿಯಾ ಸಂಸ್ಥಾನದ ಕ್ರಾಫರ್ಡ್ ಲಾಂಗ್ ಎಂಬ ವೈದ್ಯನು ೧೮೪೨ರಲ್ಲಿಯೇ ಈಥರನ್ನು ಶಸ್ತ್ರಚಿಕಿತ್ಸೆಗೆ ಉಪಯೋಗಿಸಿದ್ದರೂ ೧೮೪೯ರವರೆಗೆ ಅದನ್ನು ಪ್ರಕಟಿಸಿರಲಿಲ್ಲ. ಮಾರ್ಟನ್ನನು ಹಕ್ಕುಪತ್ರವನ್ನು ಪಡೆದು ಹಣ ಮಾಡಲು ಯತ್ನಿಸಿದ್ದು, ಜಾಕ್ಸನ್ ಎಂಬ ರಸಾಯನಶಾಸ್ತ್ರಜ್ಞನು ಕೀರ್ತಿಯಲ್ಲಿ ಪಾಲು ಬೇಡಿದ್ದು, ಆ ವ್ಯಾಜ್ಯಗಳು ವರ್ಷಗಟ್ಟಲೆ ನಡೆದದ್ದು, ಇವನ್ನೆಲ್ಲ ಇಲ್ಲಿ ವಿಸ್ತರಿಸಬೇಕಾಗಿಲ್ಲ.

ವೆಲ್ಸನ ಗತಿಯನ್ನು ಮಾತ್ರ ಹೇಳಿಯೇ ತೀರಬೇಕು. ಬಾಸ್ಟನ್ನಿನ ಅವಮಾನದ ಮೇಲೆ ಅವನ ವೃತ್ತಿಯು ನೆಟ್ಟಗೆ ನಡೆಯಲಿಲ್ಲ. ೧೮೪೭ರ ಕೊನೆಯಲ್ಲಿ ಕ್ಲೋರೋಫಾರಂ ಬಳಕೆಗೆ ಬಂದಾಗ ಅದನ್ನೂ ಅವನು ತನ್ನ ಮೇಲೆಯೇ ಪ್ರಯೋಗಿಸತೊಡಗಿದನು. ಅದರ ಅಮಲು ಬುದ್ಧಿಯನ್ನು ಕೆಡಿಸಿತು. ೧೮೪೮ರ ಜನವರಿಯಲ್ಲಿ, ತನ್ನ ಮೂವತ್ತಮೂರನೆಯ ಜನ್ಮದಿನದ ಸುಮಾರಿನಲ್ಲಿ, ನ್ಯೂಯಾರ್ಕಿನ ಬೀದಿಯಲ್ಲಿ ಹೆಂಗಸರ ಮೇಲೆ ಆಮ್ಲವನ್ನೆರಚಿ ಸೆರೆಗೆ ಬಿದ್ದನು. ಬುದ್ಧಿ ತಿಳಿಯಾದಾಗ ತಾನು ಮಾಡಿದ್ದನ್ನು ಸಹಿಸಲಾರದೆ, ಆ ತಿಂಗಳ ೨೪ರಂದು ಸೆರೆಮನೆಯಲ್ಲಿಯೇ ಪ್ರಾಣತ್ಯಾಗ ಮಾಡಿಕೊಂಡನು. ಪ್ಯಾರಿಸಿನ ವೈದ್ಯಸಂಘವು ಅವನನ್ನು ಗೌರವಿಸಿದ ವಾರ್ತೆಯು ಅವನು ಸತ್ತ ಮೇಲೆ ಬಂದು ಮುಟ್ಟಿತು. ಹಾರ್ಟ್‌ಫರ್ಡಿನ ಉದ್ಯಾನದಲ್ಲಿ ಈಗ ಅವನ ಪ್ರತಿಮೆಯಿದೆ. ಅವನು ನಂಬಿದ ಅನಿಲವಾದರೋ ಸಾಯಲಿಲ್ಲ. ೧೮೬೩ರಲ್ಲಿ ಅದೇ ಕೋಲ್ಟನನು ಅದನ್ನು ದಂತಚಿಕಿತ್ಸೆಗೆ ಮರಳಿ ತಂದನು. ಇಂದು ಆಮ್ಲಜನಕದೊಡನೆ ಬೆರೆಸಿ, ಮೂಗಿನ ಮೇಲೆ ಕವಚವನ್ನಿಟ್ಟು, ಅಂಜುವ ಮಕ್ಕಳನ್ನು ಸಮಾಧಾನಗೊಳಿಸಲು ದಂತವೈದ್ಯರು ಕೊಡುವುದು ಆ ಅನಿಲವನ್ನೇ.

ಆದರೂ ಒಂದು ಹಲ್ಲಿಗಾಗಿ ಮನುಷ್ಯನ ಎಚ್ಚರವನ್ನೆಲ್ಲ ಅಪಹರಿಸುವುದು ಸೊಳ್ಳೆಯನ್ನು ಹೊಡೆಯಲು ಮನೆಗೆ ಹೊಗೆ ಹಾಕಿದಂತೆ. ನೋಯುವ ಸ್ಥಾನವನ್ನು ಮಾತ್ರ ಮರಗಟ್ಟಿಸುವ ದ್ರವ್ಯವು ಬೇಕಾಗಿತ್ತು. ದಕ್ಷಿಣ ಅಮೇರಿಕದ ಕೋಕಾ ಎಲೆಯಿಂದ ೧೮೬೦ರ ಸುಮಾರಿಗೆ ಜರ್ಮನಿಯ ಆಲ್ಬರ್ಟ್ ನೀಮನ್ನನು ಕೋಕೇನನ್ನು ಬೇರ್ಪಡಿಸಿದನು. ಅದು ನಾಲಗೆಯನ್ನು ಜೋಮು ಹಿಡಿಸುವುದನ್ನು ಅನೇಕರು ಬಲ್ಲವರಾಗಿದ್ದರು. ಕಣ್ಣಿಗೆ ಅದರ ಹನಿಯನ್ನು ಬಿಟ್ಟು ಶಸ್ತ್ರಕರ್ಮವನ್ನು ಮಾಡಬಹುದೆಂದು ೧೮೮೪ರಲ್ಲಿ ತೋರಿಸಿದವನು ವಿಯೆನ್ನಾದ ತರುಣ ವೈದ್ಯ ಕಾರ್ಲ್ ಕೋಲರ್. ಸೆಪ್ಟೆಂಬರ್ ೧೫ರಂದು ಹೈಡಲ್‌ಬರ್ಗಿನಲ್ಲಿ ನೇತ್ರವೈದ್ಯರ ಸಭೆಯು ಸೇರಿತು. ಪ್ರಯಾಣದ ವೆಚ್ಚಕ್ಕೆ ಗತಿಯಿಲ್ಲದೆ ಕೋಲರನು ಹೋಗಲಿಲ್ಲ. ಅವನ ಪ್ರಬಂಧವನ್ನು ಬೇರೊಬ್ಬರು ಓದಿದರು. ಚರ್ಮದ ಕೆಳಗೆ ಮದ್ದನ್ನು ಹೊಗಿಸುವ ಟೊಳ್ಳುಸೂಜಿಯ ಪಿಚಕಾರಿಯು ೧೮೫೩ರಿಂದಲೇ ಬಳಕೆಯಲ್ಲಿತ್ತು. ಇವೆರಡನ್ನೂ ಕೂಡಿಸುವುದೊಂದೇ ಉಳಿದಿತ್ತು.

ಆ ಕೆಲಸವನ್ನು ಕೆಲವೇ ವಾರಗಳೊಳಗೆ ನ್ಯೂಯಾರ್ಕಿನ ವಿಲಿಯಂ ಹಾಲ್‌ಸ್ಟೆಡ್ ಮತ್ತು ರಿಚರ್ಡ್ ಹಾಲ್ ಎಂಬ ಶಸ್ತ್ರವೈದ್ಯರು ಮಾಡಿದರು. ನೋವು ಹುಟ್ಟುವ ಜಾಗದಲ್ಲಿಯೇ ಮದ್ದನ್ನು ಹಾಕಬೇಕೆಂದಿಲ್ಲ, ಅಲ್ಲಿಂದ ಮಿದುಳಿಗೆ ಹೋಗುವ ನರದ ದಾರಿಯಲ್ಲಿ ಎಲ್ಲಿಯಾದರೂ ಹಾಕಿ ಅದನ್ನು ತಡೆಯಬಹುದೆಂಬುದು ಅವರ ಶೋಧ. ಕೆಳದವಡೆಯ ಎಲುಬಿನೊಳಗೆ ನರವು ಪ್ರವೇಶಿಸುವ ದ್ವಾರದ ಬಳಿ ಒಂದು ಸಲ ಚುಚ್ಚಿದರೆ ಆ ಪಕ್ಕದ ಕೆಳಹಲ್ಲುಗಳೆಲ್ಲ ಮರಗಟ್ಟುವುವು. ಇಂದು ಲೋಕದ ದಂತಾಲಯಗಳಲ್ಲೆಲ್ಲ ದಿನಂಪ್ರತಿ ನಡೆಯುವ ಕ್ರಮವು ಇದೇ. ಈ ಶೋಧಕ್ಕೆ ತೆತ್ತ ಬೆಲೆ ಅಲ್ಪವಾದುದಲ್ಲ. ಅವರೂ ಅವರ ಜೊತೆಗಾರರೂ ಒಬ್ಬರ ಮೇಲೊಬ್ಬರು ಪ್ರಯೋಗ ಮಾಡಿಕೊಂಡು ಕೋಕೇನಿನ ಚಟಕ್ಕೆ ಬಿದ್ದರು. ೧೮೮೫ರ ಸೆಪ್ಟೆಂಬರಿನಲ್ಲಿ ಹಾಲ್‌ಸ್ಟೆಡ್ಡನು ಈ ವಿಷಯವಾಗಿ ಪ್ರಕಟಿಸಿದ ಲೇಖನದ ಮೊದಲನೆಯ ವಾಕ್ಯವನ್ನು ನೋಡಿದರೆ ಮನಸ್ಸು ಮರುಗುವುದು. ಉಪವಾಕ್ಯದೊಳಗೆ ಉಪವಾಕ್ಯವು ಸುತ್ತಿಕೊಂಡು, ಕರ್ತೃವು ಕ್ರಿಯಾಪದವನ್ನು ಹುಡುಕುತ್ತ ಅಲೆದು, ಅನಾರೋಗ್ಯದಿಂದ ಬರೆಹವನ್ನು ಮುಗಿಸಲಾಗಲಿಲ್ಲವೆಂಬಲ್ಲಿ ವಾಕ್ಯವು ನಿಲ್ಲುವುದು. ಅನ್ವಯಕ್ಕೆ ಸಿಕ್ಕದ ಆ ವಾಕ್ಯದಲ್ಲಿ ಬರೆದವನ ದೇಹಸ್ಥಿತಿಯು ಚೆನ್ನಾಗಿ ತಿಳಿಯುತ್ತದೆ. ಹಾಲ್ ಎಂಬವನು ನ್ಯೂಯಾರ್ಕನ್ನು ಬಿಟ್ಟು ಕ್ಯಾಲಿಫೋರ್ನಿಯಾಕ್ಕೆ ಹೋದನು. ಹಾಲ್‌ಸ್ಟೆಡ್ಡನು ಚೇತರಿಸಿಕೊಂಡು ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ ಮಹಾಶಸ್ತ್ರವೈದ್ಯನೆಂದು ಹೆಸರಾದನಾದರೂ, ಚಟವು ಮಾರ್ಫಿನ್ನಿನ ರೂಪದಿಂದ ಅವನನ್ನು ಬಹುಕಾಲ ಹಿಂಬಾಲಿಸಿತು. ದಂತವೈದ್ಯರ ಸಂಘವು ಅವನ ಶೋಧವನ್ನು ೧೯೨೨ರಲ್ಲಿ ಗೌರವಿಸಿತು. ಆ ವರ್ಷದ ಸೆಪ್ಟೆಂಬರಿನಲ್ಲಿಯೇ ಅವನು ತೀರಿಕೊಂಡನು.

ಕೋಕೇನಿನ ದೋಷವಿಲ್ಲದ ದ್ರವ್ಯವನ್ನು ಮ್ಯೂನಿಕ್ ನಗರದ ಆಲ್ಫ್ರೆಡ್ ಐನ್‌ಹಾರ್ನನು ೧೯೦೪ರಲ್ಲಿ ರಚಿಸಿದನು. ನೊವೊಕೇನ್ ಎಂಬ ಹೆಸರಿನಿಂದ ಅದು ಪ್ರಸಿದ್ಧವಾಯಿತು. ಇದರಿಂದ ಚಟ ಹತ್ತುವುದಿಲ್ಲ. ಆದರೆ ಇದು ರಕ್ತನಾಳಗಳನ್ನು ಹಿಗ್ಗಿಸುವುದರಿಂದ ರಕ್ತವು ಇದನ್ನು ಬೇಗನೆ ಕೊಚ್ಚಿಕೊಂಡು ಹೋಗುವುದು. ರಕ್ತನಾಳಗಳನ್ನು ಸಂಕೋಚಗೊಳಿಸುವ ಅಡ್ರಿನಲಿನ್ ಎಂಬ ದ್ರವ್ಯವನ್ನು ಸ್ವಲ್ಪ ಬೆರೆಸಿದರೆ ಮದ್ದು ಕೊಟ್ಟ ಜಾಗದಲ್ಲಿಯೇ ನಿಲ್ಲುವುದೆಂದು ಜರ್ಮನಿಯ ಹೈನ್ರಿಕ್ ಬ್ರೌನನು ತೋರಿಸಿದನು. ವಾಚಕರು ಈ ಬೆರಕೆಯನ್ನು ನೆನಪಿನಲ್ಲಿಡಬೇಕು. ಅಡ್ರಿನಲಿನ್ ಬಹು ಬೇಗ ಕೆಡುವ ವಸ್ತು; ಅದನ್ನು ಕೆಡದಂತೆ ಇಡಬೇಕಾದರೆ ದ್ರಾವಣವನ್ನು ಹುಳಿಯಾಗಿ, ಎಂದರೆ ಆಮ್ಲೀಯವಾಗಿ, ಇಡಬೇಕಾಗುವುದು. ಸೂಜಿಮದ್ದಿನ ಉರಿಗೆ ಒಂದು ಮೂಲವು ಇಲ್ಲಿದೆ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ, ೧೯೧೭ರಲ್ಲಿ, ಅಮೇರಿಕದ ಸೈನ್ಯದ ವೈದ್ಯ ಹಾರ್ವೆ ಕುಕ್ ಎಂಬವನು ಸಿಪಾಯಿಗಳ ಬಂದೂಕಿನ ತೋಟಾಗಳನ್ನು ಕಂಡು, ಮದ್ದನ್ನೂ ಹಾಗೆಯೇ ಗಾಜಿನ ಕೊಳವೆಗಳಲ್ಲಿ ಮೊದಲೇ ತುಂಬಿಡುವ ಉಪಾಯವನ್ನು ಕಂಡುಹಿಡಿದನು. ವೈದ್ಯರಿಗೆ ಇದರಿಂದ ಬಹಳ ಅನುಕೂಲವಾಯಿತು. ತಿಂಗಳುಗಟ್ಟಲೆ ಕಪಾಟಿನಲ್ಲಿ ಕೂರಬೇಕಾದ ಮದ್ದು ಆಮ್ಲೀಯವಾಗಿಯೇ ಇರಬೇಕಾದ ಕಟ್ಟುಪಾಡೂ ಇದರಿಂದ ಗಟ್ಟಿಯಾಯಿತು.

ನೊವೊಕೇನಿನ ಸ್ಥಾನಕ್ಕೆ ಬಂದ ಲಿಡೊಕೇನಿನ ಜನ್ಮವೃತ್ತಾಂತವು ಸ್ವಾರಸ್ಯವಾಗಿದೆ. ಸ್ವೀಡನ್ ದೇಶದಲ್ಲಿ ಬಾರ್ಲಿಯಲ್ಲಿರುವ ಒಂದು ದ್ರವ್ಯವನ್ನು ಕುರಿತು ಸಂಶೋಧನೆ ನಡೆಯುತ್ತಿದ್ದಾಗ, ಹಾಲ್ಗರ್ ಎರ್ಟ್‌ಮನ್ ಎಂಬ ರಸಾಯನಜ್ಞನು ತಾನು ತಯಾರಿಸಿದ ಪುಡಿಯ ರುಚಿ ನೋಡಿದನು. ನಾಲಗೆ ಜೋಮು ಹಿಡಿಯಿತು. ಈ ಸುಳಿವನ್ನು ಹಿಡಿದು ನಿಲ್ಸ್ ಲೋಫ್‌ಗ್ರೆನ್ ಎಂಬವನು ವರ್ಷಗಟ್ಟಲೆ ದುಡಿದು, ೧೯೪೩ರಲ್ಲಿ ಲಿಡೊಕೇನನ್ನು ರಚಿಸಿದನು. ಅವನ ಕಿರಿಯ ಜೊತೆಗಾರ ಬೆಂಗ್ಟ್ ಲುಂಡ್‌ಕ್ವಿಸ್ಟನು ಅದನ್ನು ತನ್ನ ದೇಹದಲ್ಲಿಯೇ ಚುಚ್ಚಿಕೊಂಡು ಪರೀಕ್ಷಿಸಿದನು. ೧೯೪೮ರಲ್ಲಿ ಅದು ಮಾರಾಟಕ್ಕೆ ಬಂದಿತು. ನಮ್ಮ ದೇಶದ ಔಷಧಾಲಯಗಳಲ್ಲಿ ಲಿಗ್ನೊಕೇನ್ ಎಂಬ ಹೆಸರಿನಿಂದ ದೊರೆಯುವುದು ಇದೇ. ಇದು ಬೇಗನೆ ಹಿಡಿಯುತ್ತದೆ, ಸಾಕಷ್ಟು ಹೊತ್ತು ನಿಲ್ಲುತ್ತದೆ, ಮೈಗೆ ಒಗ್ಗದಿರುವುದು ಅಪರೂಪ. ಹಲ್ಲು ಕೀಳುವ ನೋವು ಇಲ್ಲಿಗೆ ಬಹುಮಟ್ಟಿಗೆ ಗೆಲ್ಲಲ್ಪಟ್ಟಿತು. ಹೊಸ ದ್ರವ್ಯಗಳು ಅನಂತರವೂ ಬಂದಿವೆ. ಅವುಗಳಲ್ಲಿ ೧೯೭೬ರಿಂದ ಜರ್ಮನಿಯಲ್ಲಿಯೂ ೨೦೦೦ದಿಂದ ಅಮೇರಿಕದಲ್ಲಿಯೂ ಬಳಕೆಗೆ ಬಂದ ಆರ್ಟಿಕೇನ್ ಎಂಬುದು ಎಲುಬನ್ನು ಚೆನ್ನಾಗಿ ಹೊಕ್ಕು ಹರಡುವುದೆಂದು ಹೆಸರಾಗಿದೆ.

ಇಷ್ಟಾದ ಮೇಲೆ ಉಳಿದದ್ದು ಸೂಜಿಯ ನೋವು. ದೊಡ್ಡ ನೋವನ್ನು ಕಳೆದ ವೈದ್ಯರಿಗೆ ಈ ಚಿಕ್ಕ ನೋವು ಗಣನೆಗೆ ಬಾರದಿದ್ದುದು ಸಹಜ. ಕ್ಷಣಕಾಲ ತಾಳಿಕೊಂಡರಾಯಿತೆಂದು ರೋಗಿಗೆ ಬುದ್ಧಿ ಹೇಳುವುದೇ ಬಹುಕಾಲ ಅದರ ಚಿಕಿತ್ಸೆಯಾಗಿತ್ತು. ಆದರೆ ಆ ಕ್ಷಣಕ್ಕೆ ಅಂಜಿ ಮನೆಯಲ್ಲಿಯೇ ಕುಳಿತವನ ಹುಳುಕು ಕೀವಾಗುತ್ತದೆ, ಕೀವು ದವಡೆಗೆ ಇಳಿಯುತ್ತದೆ. ಕೊನೆಗೆ ಬಂದಾಗ ಚುಚ್ಚಬೇಕಾದ ಸೂಜಿಗಳೂ ಹೆಚ್ಚುತ್ತವೆ. ಈ ಕಾರಣದಿಂದಲೇ ಸೂಜಿಯ ನೋವನ್ನು ಅಲ್ಪವೆಂದು ತಳ್ಳುವುದು ಸರಿಯಲ್ಲವೆಂಬ ಅಭಿಪ್ರಾಯವು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬಲವಾಯಿತು. ವಿಚಾರಿಸಿ ನೋಡಿದರೆ ಆ ನೋವು ಒಂದಲ್ಲ, ಮೂರು: ಸೂಜಿಯ ಮೊನೆಯು ಒಸಡನ್ನು ಭೇದಿಸುವುದು, ದ್ರವವು ಒಳಗೆ ನುಗ್ಗಿ ಮಾಂಸವನ್ನು ಹಿಗ್ಗಿಸುವುದು, ದ್ರವದ ಆಮ್ಲತೆಯು ಉರಿಸುವುದು.

ಮೊನೆಯ ನೋವಿಗೆ ಲೇಪವುಂಟು. ಒಸಡನ್ನು ಬಟ್ಟೆಯಿಂದ ಒರಸಿ ಒಣಗಿಸಿ, ಬೆಂಜೊಕೇನ್ ಅಥವಾ ಲಿಡೊಕೇನಿನ ಲೇಹದಂತಹ ಮುಲಾಮನ್ನು ಹಚ್ಚಿ ಒಂದೆರಡು ನಿಮಿಷ ಬಿಟ್ಟರೆ, ಎರಡು ಮೂರು ಮಿಲಿಮೀಟರಿನಷ್ಟು ಆಳದವರೆಗೆ ಜೋಮು ಹಿಡಿಯುವುದು. ಜೊಲ್ಲಿನ ಮೇಲೆಯೇ ಹಚ್ಚಿ, ಹಚ್ಚಿದ ಮರುಕ್ಷಣವೇ ಚುಚ್ಚುವವರಿಗೆ ಈ ಮುಲಾಮಿನಿಂದ ಫಲವಿಲ್ಲ, ತಪ್ಪು ಮುಲಾಮಿನದಲ್ಲ. ಸೂಜಿಯು ಸಪೂರವಾದಷ್ಟೂ ನೋವು ಕಡಿಮೆಯೆಂಬ ನಂಬಿಕೆಯು ವೈದ್ಯರಲ್ಲಿಯೂ ರೋಗಿಗಳಲ್ಲಿಯೂ ಸಮಾನವಾಗಿದೆ. ಆದರೆ ೨೫, ೨೭, ೩೦ ಎಂಬ ಅಂಕೆಗಳ ಸೂಜಿಗಳಿಂದ ಚುಚ್ಚಿ ಕೇಳಿದಾಗ ರೋಗಿಗಳಿಗೆ ಭೇದವು ತಿಳಿಯಲಿಲ್ಲವೆಂದು ೧೯೭೦ರ ದಶಕದಲ್ಲಿಯೇ ಪರೀಕ್ಷೆಗಳು ತೋರಿಸಿದವು. ಅಂಕೆ ಹೆಚ್ಚಾದಂತೆ ಸೂಜಿ ಸಪೂರವಾಗುವುದೆಂಬುದು ಇಲ್ಲಿನ ಲೆಕ್ಕ. ಬಹಳ ಸಪೂರವಾದ ಸೂಜಿಯು ಮಾಂಸದೊಳಗೆ ಬಾಗಿ ಗುರಿಯನ್ನು ತಪ್ಪುವ ಅಪಾಯವೂ ಉಂಟು. ಮೊಂಡಾಗದ ಸೂಜಿಯಾದರೆ ಸಾಕು. ಹಿಂದೆ ಸೂಜಿಯನ್ನು ಕುದಿಸಿ ಮತ್ತೆ ಮತ್ತೆ ಬಳಸುತ್ತಿದ್ದಾಗ ಮೊನೆಯು ಮೊಂಡಾಗುತ್ತಿತ್ತು. ಒಂದೇ ಸಲ ಬಳಸಿ ಬಿಸಾಡುವ ಸೂಜಿಗಳು ಬಂದ ಮೇಲೆ ಸೋಂಕಿನ ಭಯದೊಡನೆ ಈ ಕಷ್ಟವೂ ತಪ್ಪಿತು.

ಎರಡನೆಯದಾದ ಒತ್ತಡದ ನೋವೇ ನಿಜವಾಗಿ ದೊಡ್ಡದು. ಕೆನ್ನೆಯ ಒಳಮೈಯಲ್ಲಿ ಮಾಂಸವು ಸಡಿಲವಾಗಿರುವುದರಿಂದ ದ್ರವಕ್ಕೆ ಎಡೆಯುಂಟು. ಅಂಗುಳಿನಲ್ಲಿ ತೊಗಲು ಎಲುಬಿಗೆ ಅಂಟಿಕೊಂಡಿರುವುದರಿಂದ ದ್ರವವು ಅದನ್ನು ಬಲಾತ್ಕಾರವಾಗಿ ಎಬ್ಬಿಸಬೇಕಾಗುತ್ತದೆ. ಅಂಗುಳಿಗೆ ಚುಚ್ಚಿಸಿಕೊಂಡವರು ಅದನ್ನು ಮರೆಯದಿರುವುದಕ್ಕೆ ಇದೇ ಕಾರಣ. ಇದಕ್ಕೆ ಮದ್ದು ನಿಧಾನವೊಂದೇ. ಒಂದು ಮಿಲಿಲೀಟರ್ ದ್ರವವನ್ನು ಹೊಗಿಸಲು ಒಂದು ನಿಮಿಷವಾದರೂ ಹಿಡಿಯಬೇಕೆಂದು ಪಠ್ಯಗ್ರಂಥಗಳು ಹೇಳುವುವು. ಮದ್ದಿನ ಒಂದು ತೋಟಾದಲ್ಲಿ ಸಾಮಾನ್ಯವಾಗಿ ೧.೮ ಮಿಲಿಲೀಟರ್ ಇರುವುದರಿಂದ ಅದಕ್ಕೆ ಎರಡು ನಿಮಿಷಗಳ ತಾಳ್ಮೆ ಬೇಕು. ಹೊರಗೆ ಹತ್ತು ಮಂದಿ ಕಾಯುತ್ತಿರುವಾಗ ವೈದ್ಯನ ಹೆಬ್ಬೆರಳಿಗೆ ಎರಡು ನಿಮಿಷವು ಯುಗವಾಗಿ ತೋರುವುದು. ಅದು ಅವಸರಪಟ್ಟು ಒತ್ತಿಬಿಡುತ್ತದೆ. ಆದಕಾರಣ ೧೯೯೦ರ ದಶಕದ ಕೊನೆಯಲ್ಲಿ ಅಮೇರಿಕದಲ್ಲಿ ಹೆಬ್ಬೆರಳಿಗೆ ಬದಲಾಗಿ ಗಣಕಯಂತ್ರದಿಂದ ನಡೆಯುವ ಒಂದು ಸಾಧನವು ಹುಟ್ಟಿತು. ಅದಕ್ಕೆ ವಾಂಡ್ ಎಂದು ಹೆಸರು. ನೋಡಲು ಲೇಖನಿಯಂತೆ, ವೈದ್ಯನು ಕಾಲಿನಿಂದ ಗುಂಡಿಯನ್ನೊತ್ತಿದರೆ ಎರಡು ಸೆಕೆಂಡಿಗೊಂದು ತೊಟ್ಟಿನಂತೆ ಮದ್ದು ಇಳಿಯುವುದು. ಸೂಜಿಯ ಮೊನೆಗಿಂತ ಮುಂದಾಗಿ ಮದ್ದಿನ ತೊಟ್ಟು ಹೋಗಿ ದಾರಿಯನ್ನು ಮರಗಟ್ಟಿಸುತ್ತದೆ, ಸೂಜಿಯು ಅದರ ಹಿಂದೆ ಮೆಲ್ಲನೆ ನಡೆ��ುತ್ತದೆ. ಈ ಯಂತ್ರವನ್ನೂ ನಿಧಾನವಾದ ಕೈಯನ್ನೂ ಹೋಲಿಸಿದ ಪರೀಕ್ಷೆಗಳಲ್ಲಿ ಫಲವು ಏಕರೂಪವಾಗಿ ಬಂದಿಲ್ಲ. ಕೆಲವೆಡೆ ಯಂತ್ರವು ಗೆದ್ದಿತು, ಕೆಲವೆಡೆ ಭೇದವೇ ಕಾಣಲಿಲ್ಲ. ಇದರಿಂದ ಯಂತ್ರವು ನಿರರ್ಥಕವೆಂದಾಗುವುದಿಲ್ಲ. ತಾಳ್ಮೆಯುಳ್ಳ ಕೈ ಯಂತ್ರಕ್ಕೆ ಸಮನಾಗಬಲ್ಲುದೆಂದೂ, ಅವಸರದ ಕೈಗಿಂತ ಯಂತ್ರವೇ ಲೇಸೆಂದೂ ತಿಳಿಯಬಹುದು. ಬೆಲೆಬಾಳುವ ಆ ಸಾಧನವನ್ನು ಕೊಳ್ಳಲಾರದ ಊರುಗಳ ವೈದ್ಯರಿಗೆ ಇದು ಸಮಾಧಾನದ ಮಾತು.

ಚುಚ್ಚುವ ಹೊತ್ತಿನಲ್ಲಿ ಕೆನ್ನೆಯನ್ನು ಅಲುಗಿಸುವುದು, ಅಂಗುಳನ್ನು ಹತ್ತಿರದಲ್ಲಿಯೇ ಬಲವಾಗಿ ಒತ್ತಿ ಹಿಡಿಯುವುದು, ಕಂಪಿಸುವ ಸಾಧನವನ್ನು ಒಸಡಿಗೆ ತಾಗಿಸುವುದು, ಇವೆಲ್ಲ ಒಂದೇ ತತ್ತ್ವದ ಪ್ರಯೋಗಗಳು. ಪೆಟ್ಟು ಬಿದ್ದಲ್ಲಿ ತಾಯಿಯು ಕೈಯಿಂದ ಉಜ್ಜಿದರೆ ಮಗುವಿನ ಅಳು ನಿಲ್ಲುವುದನ್ನು ಎಲ್ಲರೂ ಕಂಡಿರುವರು. ಬೆನ್ನುಹುರಿಯಲ್ಲಿ ಒಂದು ಬಾಗಿಲಿರುವಂತೆಯೂ, ಸ್ಪರ್ಶದ ಸಂದೇಶಗಳು ಅದನ್ನು ತುಂಬಿಕೊಂಡಾಗ ನೋವಿನ ಸಂದೇಶಕ್ಕೆ ದಾರಿಯು ಕಿರಿದಾಗುವಂತೆಯೂ ರೊನಾಲ್ಡ್ ಮೆಲ್ಜಾಕ್, ಪ್ಯಾಟ್ರಿಕ್ ವಾಲ್ ಎಂಬ ವಿದ್ವಾಂಸರು ೧೯೬೫ರಲ್ಲಿ ಪ್ರತಿಪಾದಿಸಿದರು. ಆ ಸಿದ್ಧಾಂತದ ವಿವರಗಳು ಅನಂತರ ತಿದ್ದುಪಡಿಯಾಗಿದ್ದರೂ ಮುಖ್ಯವಾದ ಮಾತು ನಿಂತಿದೆ. ಮುಖದ ನರಗಳಿಗೆ ಅಂಥ ಬಾಗಿಲು ಇರುವುದು ಮಿದುಳಿನ ಬುಡದಲ್ಲಿ.

ಮೂರನೆಯದು ಆಮ್ಲದ ಉರಿ. ಆಮ್ಲಕ್ಷಾರಗಳನ್ನು ಅಳೆಯುವ ಪಿ.ಎಚ್. ಎಂಬ ಮಾನದಲ್ಲಿ ನಮ್ಮ ರಕ್ತವು ೭.೪, ಅಡ್ರಿನಲಿನ್ ಬೆರೆತ ಸೂಜಿಮದ್ದು ಸುಮಾರು ೪. ಈ ಮಾನದಲ್ಲಿ ಒಂದು ಅಂಕೆ ಇಳಿದರೆ ಆಮ್ಲತೆಯು ಹತ್ತುಪಟ್ಟು ಏರುವುದರಿಂದ, ಮದ್ದು ರಕ್ತಕ್ಕಿಂತ ಸಾವಿರಪಟ್ಟಿಗೂ ಮಿಗಿಲಾಗಿ ಆಮ್ಲೀಯವೆಂದಾಯಿತು. ಉರಿಯದೆ ಇದ್ದೀತೆ? ಕೊಡುವುದಕ್ಕೆ ಸ್ವಲ್ಪ ಮುಂಚೆ ಅದರಲ್ಲಿ ಸೋಡಿಯಂ ಬೈಕಾರ್ಬೊನೇಟಿನ ಶುದ್ಧದ್ರಾವಣವನ್ನು ಹತ್ತರಲ್ಲೊಂದು ಪಾಲು ಬೆರೆಸಿದರೆ ಆಮ್ಲವು ಶಮನವಾಗುವುದು. ಬಜ್ಜಿಯ ಹಿಟ್ಟಿಗೆ ಹಾಕುವ ಸೋಡಾದ ಜಾತಿಯೇ ಇದು. ಆದರೆ ಇದನ್ನು ಸೂಜಿಮದ್ದಿಗೆಂದೇ ಶುದ್ಧಿಮಾಡಿರುವರು. ಇದರಿಂದ ಇನ್ನೊಂದು ಪ್ರಯೋಜನವೂ ಉಂಟು. ಲಿಡೊಕೇನಿನ ಅಣುಗಳು ಎರಡು ರೂಪಗಳಲ್ಲಿರುತ್ತವೆ. ಅವುಗಳಲ್ಲಿ ಒಂದು ರೂಪಕ್ಕೆ ಮಾತ್ರ ನರದ ಪೊರೆಯನ್ನು ದಾಟುವ ಶಕ್ತಿಯಿದೆ. ಪಿ.ಎಚ್. ೪ರಲ್ಲಿ ಆ ರೂಪವು ಸುಮಾರು ಹತ್ತುಸಾವಿರಕ್ಕೆ ಒಂದು ಪಾಲು, ೭.೪ರಲ್ಲಿ ನಾಲ್ಕರಲ್ಲೊಂದು ಪಾಲು. ದೇಹವು ತಾನಾಗಿಯೇ ಆಮ್ಲವನ್ನು ಶಮನಗೊಳಿಸುವವರೆಗೆ ಕಾಯಬೇಕಾದ ಹೊತ್ತು ಇದರಿಂದ ಉಳಿಯುವುದೆಂಬುದು ತರ್ಕ. ಚರ್ಮಕ್ಕೆ ಚುಚ್ಚುವಾಗ ಸೋಡಾ ಬೆರೆಸಿದ ಮದ್ದು ಕಡಿಮೆ ಉರಿಯುವುದೆಂಬುದು ಅನೇಕ ಪರೀಕ್ಷೆಗಳಿಂದ ಸಿದ್ಧವಾಗಿದೆ. ಬಾಯಿಯಲ್ಲಿ ಮಾತ್ರ ಫಲವು ಅಷ್ಟು ನಿಶ್ಚಿತವಾಗಿಲ್ಲ. ಬೆರೆಸಿದ ಮೇಲೆ ಅಡ್ರಿನಲಿನ್ ಕೆಡತೊಡಗುವುದರಿಂದ ಆಗಿಂದಾಗಲೇ ಉಪಯೋಗಿಸಬೇಕು. ನೂರು ವರ್ಷಗಳ ಹಿಂದೆ ಮದ್ದನ್ನು ಕಾಪಾಡುವುದಕ್ಕಾಗಿ ಸೇರಿಸಿದ ಹುಳಿಯನ್ನು ಈಗ ರೋಗಿಯನ್ನು ಕಾಪಾಡುವುದಕ್ಕಾಗಿ ಮುರಿಯಬೇಕಾಗಿದೆ.

ಮಕ್ಕಳ ವಿಷಯದಲ್ಲಿ ಮದ್ದಿಗಿಂತ ಮಾತು ಹೆಚ್ಚು ಕೆಲಸ ಮಾಡುವುದು. ಮಾಡುವುದನ್ನು ಮೊದಲು ಹೇಳಿ, ಸಾಧನವನ್ನು ತೋರಿಸಿ, ಆಮೇಲೆ ಮಾಡಬೇಕೆಂಬ ಕ್ರಮವು ೧೯೫೯ರಿಂದ ದಂತವೈದ್ಯರಲ್ಲಿ ಪ್ರಚಾರಕ್ಕೆ ಬಂದಿತು. ನೋವೇ ಆಗುವುದಿಲ್ಲವೆಂದು ಹೇಳಿ ಚುಚ್ಚಿದರೆ ಮಗುವು ಎರಡನೆಯ ಸಲ ಯಾವ ಮಾತನ್ನೂ ನಂಬದು. ಇರುವೆ ಕಚ್ಚಿದಷ್ಟಾಗುವುದೆಂದು ಹೇಳಿ, ನಿಜವಾಗಿಯೂ ಅಷ್ಟೇ ಆಗುವಂತೆ ಮಾಡುವ ವೈದ್ಯನ ಬಳಿಗೆ ಮಗುವು ತಾನಾಗಿಯೇ ಬರುವುದು.

ಹೀಗಿದ್ದರೂ ಕೆಲಸವು ಮುಗಿದಿಲ್ಲ. ಕೆಳದವಡೆಯ ಹಲ್ಲಿನೊಳಗಿನ ತಿರುಳು ಬಾತು ಉರಿಯುತ್ತಿರುವಾಗ, ಹಾಲ್‌ಸ್ಟೆಡ್ಡನ ಕ್ರಮದಲ್ಲಿ ಸರಿಯಾದ ಸ್ಥಾನಕ್ಕೆ ಮದ್ದನ್ನು ಕೊಟ್ಟು ತುಟಿಯು ಪೂರ್ತಿ ಮರಗಟ್ಟಿದ ಮೇಲೂ, ಹಲ್ಲನ್ನು ಕೊರೆಯತೊಡಗಿದೊಡನೆ ರೋಗಿಯು ಬೆಚ್ಚಿಬೀಳುವುದುಂಟು. ಬಾತ ಮಾಂಸವು ಆಮ್ಲೀಯವಾಗಿರುವುದರಿಂದ ಮದ್ದು ಹಿಡಿಯುವುದಿಲ್ಲವೆಂದು ಬಹುಕಾಲ ಸಮಾಧಾನ ಹೇಳುತ್ತಿದ್ದರು. ಮದ್ದು ಬೀಳುವುದು ಬಾವಿನಿಂದ ಎಷ್ಟೋ ದೂರದಲ್ಲಿಯಾದ್ದರಿಂದ ಈ ಕಾರಣವೊಂದೇ ಸಾಲದು. ಬಾವಿನ ದೆಸೆಯಿಂದ ನರಗಳ ಸ್ವಭಾವವೇ ಮಾರ್ಪಟ್ಟು ಅವು ಮದ್ದಿಗೆ ಬಗ್ಗದಂತಾಗುವುವೆಂದು ಈಗಿನ ಶೋಧಕರು ಹೇಳುವರು. ಹಿಂದೆ ಇಂಥ ರೋಗಿಯನ್ನು ಹೇಡಿಯೆಂದೋ ಹಟಮಾರಿಯೆಂದೋ ಗದರಿಸುವುದುಂಟಾಗಿತ್ತು. ಈಗ ತಿಳಿದ ವೈದ್ಯರು, ನೋವಾದರೆ ಎಡಗೈಯನ್ನೆತ್ತಬೇಕೆಂದು ರೋಗಿಗೆ ಮೊದಲೇ ಹೇಳಿರುವರು. ಕೈ ಎದ್ದರೆ ಯಂತ್ರವನ್ನು ನಿಲ್ಲಿಸಿ, ಹಲ್ಲಿಗೂ ಎಲುಬಿಗೂ ನಡುವಣ ಸಂದಿನಲ್ಲಿಯೋ, ಎಲುಬಿನೊಳಕ್ಕೆಯೋ ಮತ್ತಷ್ಟು ಮದ್ದನ್ನು ಕೊಟ್ಟು, ಅದು ಹಿಡಿಯುವವರೆಗೆ ಕಾಯುವರು.